ದಿನ ಎಣಿಸುತ್ತಿದ್ದ ಮೆಡಿಕಲ್ ಅಕ್ಕ

ಅವರ ತೋರುಬೆರಳಿನ ತುದಿ ಸದಾ ನೀಲಿಯಾಗಿರುತ್ತಿತ್ತು. ಎಡಗೈಯೋ ಬಲಗೈಯೋ, ಈಗ ಖಚಿತವಾಗಿ ಹೇಳಲಾರೆ. ಇಂಕು ಸೋರುವ ಬಾಲ್‌ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಗೋಡೆಯ ಕ್ಯಾಲೆಂಡರಿನ ಮನೆಮನೆಗೂ ಆ ಬೆರಳನ್ನು ಒತ್ತುತ್ತ ದಿನ ಎಣಿಸುತ್ತಿದ್ದರು. ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಒಂದು ಶುಕ್ರವಾರ ಅವರು ನನ್ನನ್ನು ಏನು ಕೇಳಿದರು, ನಾನು ಏನು ಹೇಳಿದೆ ಎಂಬುದು ನನ್ನ ತಲೆಯಲ್ಲಿ ಎರಡು ಮೂರು ಬಗೆಯಾಗಿ ಉಳಿದಿದೆ. ಯಾವುದು ನಡೆದದ್ದು, ಯಾವುದು ನಾನೇ ಆಮೇಲೆ ಕಟ್ಟಿಕೊಂಡದ್ದು, ಗೊತ್ತಿಲ್ಲ.

ಟಿ. ದಾಸರಹಳ್ಳಿಯ ನಮ್ಮ ಮನೆಯ ಕೆಳಗೇ ಅವರ ಔಷಧಿ ಅಂಗಡಿ. ಬೀದಿಗೆಲ್ಲ ಅವರು ಮೆಡಿಕಲ್ ಅಕ್ಕ. ಸಂಜೆ ಪೀಣ್ಯದ ಕಾರ್ಖಾನೆಗಳು ಬಿಟ್ಟ ಮೇಲೆ ಅಲ್ಲಿ ಹೆಂಗಸರೇ ಹೆಚ್ಚು. ವಾರಕ್ಕೊಂದು ಶಿಫ್ಟು, ಹೊತ್ತಿಲ್ಲದ ಊಟ, ಹೊತ್ತಿಲ್ಲದ ನಿದ್ದೆ. ಅವರಲ್ಲಿ ಅನೇಕರಿಗೆ ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಗರ್ಭ ಪರೀಕ್ಷೆಯ ಕಿಟ್ಟು ಕೇಳಿದರೆ ಅಕ್ಕ ಸುಮ್ಮನೆ ಕೊಡುತ್ತಿರಲಿಲ್ಲ. ಬೇರೆ ಅಂಗಡಿಯವರು ಮುಟ್ಟು ಎಷ್ಟು ದಿನ ತಡವಾಯಿತೆಂದು ಕೇಳಿದರೆ, ಇವರು ಅದನ್ನು ಬಿಟ್ಟು ಇನ್ನೊಂದನ್ನು ಕೇಳುತ್ತಿದ್ದರು.

ಒಮ್ಮೆ ನಾನು ಕೆಮ್ಮಿನ ಸಿರಪ್ಪಿಗೆ ನಿಂತಿದ್ದಾಗ ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಬಂದು, "ಒಂದೇ ಗೀಟು ಬಂತಕ್ಕ. ಇಲ್ಲ ಅಂತ ತಾನೇ?" ಅಂದಳು.

"ನಿನ್ ಗಂಡ ಊರಿಂದ ಬಂದಿದ್ದು ಯಾವಾಗ?"

"ಹೋದ್ ಭಾನ್ವಾರ."

"ಅಯ್ಯೋ, ಅದಕ್ಕೇನ್ ಗೊತ್ತಾಗುತ್ತೆ ಪಾಪ, ಅದೇನ್ ಸಿಸಿ ಕ್ಯಾಮೆರಾನಾ? ಇಪ್ಪತ್ತೊಂದ್ ದಿನ ತುಂಬ್ಲಿ. ಬೆಳಗ್ಗೆ ಎದ್ದ ತಕ್ಷಣದ್ದು ನೋಡು."

ಹುಡುಗಿ ನಕ್ಕಳು. ಅಕ್ಕ ಬೆರಳೂರಿ ಎಣಿಸಿ, ಹೊಸ ಕಿಟ್ಟಿನ ಮೇಲೆ ತಾರೀಕು ಬರೆದುಕೊಟ್ಟರು. ಗಂಡ ಹೆಂಡತಿ ಕೂಡಿದ ಕೊನೆಯ ದಿನದಿಂದ ಮೂರು ವಾರ, ಅದು ಅವರ ಲೆಕ್ಕ. ಮುಟ್ಟಿನ ದಿನವೇ ಅಂದಾಜಿಗೆ ಸಿಗದವರಿಗೆ ತಡವೆಂಬ ಮಾತಿಗೆ ಅರ್ಥವಿಲ್ಲ. ಗರ್ಭ ನಿಂತಿದ್ದರೂ ಅದರ ಸುಳಿವು ಮೂತ್ರದಲ್ಲಿ ಕಾಣಲು ದಿನ ಹಿಡಿಯುತ್ತದೆ. ಮೊದಲೇ ನೋಡಿದರೆ ಒಂದು ಗೀಟು ಏನನ್ನೂ ಹೇಳುವುದಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಡಬ್ಬಿಯ ಮೇಲೆ ತೊಂಬತ್ತೊಂಬತ್ತು ಪರ್ಸೆಂಟ್ ಎಂದು ಬರೆದಿದೆಯಲ್ಲ ಎಂದು ಕೆಣಕಿದೆ.

"ಅದು ದಿನ ಗೊತ್ತಿರೋರಿಗೆ ಸಾರ್" ಅಂದರು.

ನನ್ನ ಹೆಂಡತಿಗೂ ಮುಟ್ಟು ಒಮ್ಮೆ ನಲವತ್ತು ದಿನಕ್ಕೆ, ಒಮ್ಮೆ ಎಪ್ಪತ್ತಕ್ಕೆ. ಆ ವರ್ಷ ಅವಳ ಕೈಬೆರಳ ಗಂಟುಗಳು ಊದಿಕೊಂಡವು. ಬೆಳಗ್ಗೆ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದರು. ಇದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಗರ್ಭವಿಲ್ಲವೆಂದು ಖಚಿತಮಾಡಿಕೊಂಡೇ ಶುರುಮಾಡಿ ಎಂದು ಎರಡು ಸಲ ಹೇಳಿದರು. ಆ ಶುಕ್ರವಾರ ಮನೆಯಲ್ಲಿ ಕಿಟ್ಟು ಹಾಕಿ ನೋಡಿದೆವು. ಒಂದೇ ಗೀಟು.

ಚೀಟಿ ಹಿಡಿದು ಕೆಳಗೆ ಹೋದವನು ನಾನು. ಅವಳಿಗೆ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ಅಕ್ಕ ಮಾತ್ರೆಯ ಹೆಸರು ಓದಿ ನನ್ನ ಮುಖ ನೋಡಿದರು. ಕಿಟ್ಟಿನ ವಿಷಯ ಹೇಳಿದೆ. ಆಮೇಲೆ ಆ ಪ್ರಶ್ನೆ ಬಂತು. ಆ ತಿಂಗಳು ಆಫೀಸಿನವರು ನನ್ನನ್ನು ಎಲೆಕ್ಟ್ರಾನಿಕ್ ಸಿಟಿಗೆ ಹಾಕಿದ್ದರು. ಊರಿನ ಆ ತುದಿಯಿಂದ ಈ ತುದಿಗೆ ದಿನವೂ ಓಡಾಡಲಾಗದೆ ಅಲ್ಲೇ ಗೆಸ್ಟ್ ಹೌಸಿನಲ್ಲಿ ಉಳಿದಿದ್ದೆ. ಮೊದಲನೇ ಭಾನುವಾರ ಮನೆಗೆ ಬಂದಿದ್ದು, ಆಮೇಲೆ ಈಗಲೇ ಬರುತ್ತಿರುವುದು, ಅಂದೆ. ನಾಲ್ಕು ವಾರಕ್ಕೆ ಎರಡೇ ದಿನ ಕಡಿಮೆ.

"ರಕ್ತ ಪರೀಕ್ಷೆ ಒಂದ್ ಮಾಡಿಸ್ಬಿಡಿ ಸಾರ್. ಇಲ್ಲ ಒಂದ್ ವಾರ ತಡೀರಿ, ಇನ್ನೊಂದ್ ಸಲ ನೋಡಿ."

"ಅವಳು ನೋವಿನಲ್ಲಿ ಅಳ್ತಿದ್ದಾಳೆ ಅಕ್ಕ. ದಿನ ಗೊತ್ತಿದೆಯಲ್ಲ, ನಿಮ್ಮ ಲೆಕ್ಕವೇ ಸರಿಹೋಯ್ತಲ್ಲ."

"ಮೇಡಂನ ಒಂದ್ ಮಾತ್ ಕೇಳ್ಲಾ? ಫೋನ್ ಹಾಕಿ."

ಮಲಗಿದ್ದಾಳೆ ಅಂದೆನೆಂದು ನೆನಪು. ನಿಜಕ್ಕೂ ಮಲಗಿದ್ದಳೋ ಇಲ್ಲವೋ ನೆನಪಿಲ್ಲ. ಹೆಂಗಸರನ್ನೇ ಕೇಳಬೇಕೆಂಬುದು ಅವರ ಪದ್ಧತಿ. ಆ ದಿನ ಅದನ್ನು ಮುರಿದರು. "ಓದಿದೋರು ನೀವು, ತಾರೀಕ್ ತಪ್ಪಲ್ಲ ಬಿಡಿ" ಎಂದು ಮಾತ್ರೆ ಕೊಟ್ಟರು. ಮೇಲೆ ಬಂದು ಹೆಂಡತಿಗೆ, "ಅಕ್ಕಾನೂ ಸರಿ ಅಂದ್ರು" ಎಂದೆ. ಇಷ್ಟು ಮಾತ್ರ ಚೆನ್ನಾಗಿ ನೆನಪಿದೆ. ಅಕ್ಕ ಅಂದರೆ ಆಯಿತು ಎಂದು ಅವಳು ನೀರಿನ ಲೋಟಕ್ಕೆ ಕೈಚಾಚಿದಳು.

ಮಾತ್ರೆ ನುಂಗತೊಡಗಿದ ಐದನೇ ವಾರ ಅವಳಿಗೆ ವಾಕರಿಕೆ ಶುರುವಾಯಿತು. ಮಾತ್ರೆಯ ಅಡ್ಡಪರಿಣಾಮ ಎಂದು ನಾನೇ ತೀರ್ಮಾನಿಸಿದೆ. ಅವಳು ನನಗೆ ಹೇಳದೆ ಕಿಟ್ಟು ತರಿಸಿ ನೋಡಿದಳು. ಎರಡು ಗೀಟು. ಸ್ಕ್ಯಾನಿನಲ್ಲಿ ಬೆಳವಣಿಗೆ ನಿಂತುಹೋಗಿತ್ತು. ಮಾತ್ರೆಯಿಂದಲೇ ಎಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಅಂದರು ಡಾಕ್ಟರು. ನೀವು ಹೇಳುವ ದಿನಕ್ಕೂ ಗರ್ಭದ ವಯಸ್ಸಿಗೂ ತಾಳೆಯಾಗುವುದಿಲ್ಲ, ಇನ್ನೂ ಚಿಕ್ಕದು, ಅಂದರು. ಬೆಳವಣಿಗೆ ನಿಂತದ್ದರಿಂದ ಚಿಕ್ಕದಾಗಿ ಕಂಡಿರಬೇಕು ಎಂದು ನಾನು ವಾದಿಸಿದೆ. ಎಲ್ಲವನ್ನೂ ಅನುಮಾನಿಸುವ ನಾನು ನನ್ನ ಆ ಭಾನುವಾರವೊಂದನ್ನು ಅನುಮಾನಿಸಲಿಲ್ಲ. ಅನುಮಾನ ಬಂದಿರಬಹುದು; ಬಂದರೂ ನೋಡಲು ಹೋಗಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೇ ದಿನ ಅಕ್ಕ ನಮ್ಮ ಮನೆಗೆ ಬಂದರು. ಕೌಂಟರಿನಿಂದ ಹೊರಗೆ ಅವರನ್ನು ನೋಡಿದ್ದು ಅದೇ ಮೊದಲು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಸ್ಟೀಲ್ ಡಬ್ಬಿಯಲ್ಲಿ ಬಿಸಿ ಸಾರು ತಂದಿದ್ದರು. ಹೆಂಡತಿಯ ಊದಿದ ಬೆರಳುಗಳನ್ನು ಹಿಡಿದು, "ನಿನ್ನೇ ಕೇಳ್ಬೇಕಾಗಿತ್ತು ಕಣಮ್ಮ. ನಂದೇ ತಪ್ಪು" ಅಂದರು. ಅವಳು ಗೋಡೆಯತ್ತ ತಿರುಗಿಕೊಂಡಳು.

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ನೀವ್ ಹೇಳಿದ್ದು ಮೊದಲ್ನೇ ಭಾನ್ವಾರ ತಾನೇ ಸಾರ್? ನಾನೇ ತಪ್ಪಾಗ್ ಕೇಳಿಸ್ಕೊಂಡ್ನಾ?"

"ಮೊದಲನೇದೇ ಅಕ್ಕ."

"ಹಂಗಾದ್ರೆ ನನ್ ಲೆಕ್ಕದಲ್ಲೇ ಏನೋ ಐಬಿದೆ."

ಅಂದಿನಿಂದ ಅವರು ಮೂರು ವಾರವೆನ್ನುವುದನ್ನು ಬಿಟ್ಟು ಐದು ವಾರವೆನ್ನತೊಡಗಿದರು. ಗಂಡಸರು ಕಿಟ್ಟಿಗೆ ಬಂದರೆ ಹೆಂಡತಿಗೆ ಫೋನು ಹಾಕಿಸದೆ ಕೊಡುತ್ತಿರಲಿಲ್ಲ. "ಏನಕ್ಕ, ಪಾಸ್‌ಪೋರ್ಟ್ ವೆರಿಫಿಕೇಶನ್ನಾ?" ಎಂದು ಹುಡುಗರು ರೇಗಿಸುತ್ತಿದ್ದರು. ಅಕ್ಕ ಮೊದಲಿನಂತೆ ತಿರುಗೇಟು ಕೊಡುತ್ತಿರಲಿಲ್ಲ. ನನ್ನೆದುರೇ ಒಬ್ಬಾಕೆಗೆ, "ನನ್ ಮಾತ್ ನಂಬ್ಬೇಡ, ಡಾಕ್ಟ್ರ ಹತ್ರ ಹೋಗು" ಅಂದದ್ದನ್ನು ಕೇಳಿದ್ದೇನೆ. ಸಾಮಾನು ತೆಗೆದುಕೊಂಡು ಬೇಗ ಬಂದುಬಿಟ್ಟೆ.

ಹೋದ ವರ್ಷ ಕಿಡ್ನಿ ಕೈಕೊಟ್ಟು ಅವರು ತೀರಿಕೊಂಡರು. ಅರ್ಧ ಎಳೆದ ಶಟರಿನ ಮುಂದೆ ಕಾರ್ಖಾನೆಯ ಹೆಂಗಸರು ಯೂನಿಫಾರಮ್ಮಿನಲ್ಲೇ ನಿಂತಿದ್ದರು. ನನ್ನ ಹೆಂಡತಿ ಅತ್ತಳು. ನನಗೆ ಅಳು ಬರಲಿಲ್ಲ. ತಿಥಿಯ ಊಟಕ್ಕೂ ಹೋಗಲಿಲ್ಲ.

ಅದಾಗಿ ಒಂದು ತಿಂಗಳಿಗೆ, ಅವರು ಇಲ್ಲವೆಂಬ ಧೈರ್ಯದಿಂದಲೇ ಇರಬೇಕು, ಹಳೆಯ ಇ-ಮೇಲ್‌ಗಳಲ್ಲಿ ಆ ತಿಂಗಳ ಕ್ಯಾಬ್ ರಸೀದಿಗಳನ್ನು ಹುಡುಕಿದೆ. ಮೂರನೇ ಭಾನುವಾರದ್ದೂ ಒಂದು ಇದೆ, ಆ ಶುಕ್ರವಾರಕ್ಕೆ ಹನ್ನೆರಡೇ ದಿನ ಹಿಂದಿನದು. ಸಂಜೆ ಆರೂ ನಲವತ್ತಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹತ್ತಿ, ಎಂಟೂಮುಕ್ಕಾಲಿಗೆ ಟಿ. ದಾಸರಹಳ್ಳಿಯಲ್ಲಿ, ಅವರ ಅಂಗಡಿಯ ಮುಂದೆ, ನಾನು ಇಳಿದಿದ್ದೇನೆ.