ವಿಮಲಮ್ಮನವರ ತಂಪು

ವಸ್ತಾರೆಯ ವಿಮಲಮ್ಮನವರು ಲೋಕವನ್ನು ಎರಡೇ ಪಾಲು ಮಾಡಿಟ್ಟಿದ್ದರು: ಉಷ್ಣ ಮತ್ತು ತಂಪು. ಕಾಫಿ ಉಷ್ಣ, ಕಾಳುಮೆಣಸು ಉಷ್ಣ, ಹಲಸಿನಹಣ್ಣು ಉಷ್ಣ, ಮಗ ಶಶಿಧರ ಹುಟ್ಟಿನಿಂದಲೇ ಉಷ್ಣ. ಗಂಡ ರುದ್ರಪ್ಪನವರು ಮಾತ್ರ ತಂಪು. ಕಾಫಿ ಕೊಯ್ಲಿನ ದಿನ ಒಬ್ಬ ಆಳೂ ಬಾರದಿದ್ದರೂ ಜಗಲಿಯಲ್ಲಿ ಕೂತು ಪೇಪರ್ ಓದುವಷ್ಟು ತಂಪು. ಸುತ್ತಮುತ್ತ ಯಾರಿಗೆ ಕಣ್ಣುರಿ, ಬಾಯಿಹುಣ್ಣು, ಉರಿಮೂತ್ರ ಎಂದರೂ ವಿಮಲಮ್ಮನವರಿಗೆ ಕರೆ ಬರುತ್ತಿತ್ತು. ಎಲ್ಲಕ್ಕೂ ಅವರ ಮದ್ದು ಒಂದೇ. ಕಲ್ಲುಸಕ್ಕರೆ ಕರಗಿಸಿದ ನೀರು, ಅದರಲ್ಲಿ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ, ಮೇಲೊಂದಿಷ್ಟು ಏಲಕ್ಕಿ ಪುಡಿ. ಕುಡಿದವರಿಗೆ ಗುಣವಾಗುತ್ತಿತ್ತೋ ಇಲ್ಲವೋ, ಇನ್ನೊಂದು ಲೋಟ ಬೇಡ ಎಂದವರನ್ನು ಯಾರೂ ಕಂಡಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಸೊಸೆ ಮೇಘಶ್ರೀಗೆ ಆರು ತಿಂಗಳು. ಚಿಕ್ಕಮಗಳೂರಿನ ಡಾಕ್ಟರ್ ಸರ್ವಮಂಗಳಾ ರಕ್ತ ಪರೀಕ್ಷೆ ಮಾಡಿಸಿ, ಇದು ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದರು. ನಮ್ಮ ವಂಶದಲ್ಲೇ ಇಲ್ಲದ್ದು ಇವಳಿಗೆ ಹೇಗೆ ಬಂತು ಎಂದು ವಿಮಲಮ್ಮನವರು ವಾದಕ್ಕೆ ನಿಂತರು. ಸೊಸೆ ಬೇರೆ ವಂಶದಿಂದ ಬಂದವಳು ಎಂಬುದು ಆ ಹೊತ್ತಿಗೆ ಅವರಿಗೆ ಮರೆತುಹೋಗಿತ್ತು.

"ನಿಮ್ಮ ತೋಟದ ಲೆಕ್ಕದಲ್ಲೇ ಹೇಳ್ತೀನಿ ಕೇಳಿ" ಎಂದರು ಡಾಕ್ಟರ್. "ಇನ್ಸುಲಿನ್ ಅಂದ್ರೆ ಮೇಸ್ತ್ರಿ ಅಂದ್ಕೊಳ್ಳಿ. ರಕ್ತದಲ್ಲಿರೋ ಸಕ್ಕರೇನ ಒಳಗೆ ಹೊತ್ತು ಹಾಕ್ರೋ ಅಂತ ಆಳುಗಳನ್ನ ಕೂಗ್ತಾನೆ. ಬಸಿರಲ್ಲಿ ಆಳುಗಳು ಅವನ ಮಾತು ಸರಿಯಾಗಿ ಕೇಳಲ್ಲ. ಸಕ್ಕರೆ ರಕ್ತದಲ್ಲೇ ಉಳ್ಕೊಳ್ಳುತ್ತೆ."

"ಯಾಕೆ ಕೇಳಲ್ಲ?"

"ಕಾರಣ ಹಲವು. ಮೈಯೊಳಗೆ ಸಣ್ಣಗೆ ಉರಿಯೂತ ಇದ್ರೂ ಹಾಗಾಗುತ್ತೆ ಅಂತಾರೆ. ಇವಳ ರಕ್ತದಲ್ಲಿ ಸಿಆರ್‌ಪಿ ಅಂತ ಅದರ ಗುರುತೂ ಸ್ವಲ್ಪ ಏರಿದೆ."

ಅಲ್ಲಿಂದ ಮುಂದೆ ಡಾಕ್ಟರ್ ಹೇಳಿದ ಒಂದು ಮಾತೂ ವಿಮಲಮ್ಮನವರ ತಲೆಗೆ ಹೋಗಲಿಲ್ಲ. ಒಳಗಿನ ಉರಿ ಅವರದೇ ಇಲಾಖೆ. ಬಿರುಬಿಸಿಲಲ್ಲಿ ಆಳುಗಳು ಮರದಡಿ ಕೂತುಬಿಟ್ಟರೆ ಮೇಸ್ತ್ರಿ ಗಂಟಲು ಹರಿದುಕೊಂಡು ಏನು ಉಪಯೋಗ? ಕುಡಿಯಲು ತಂಪಾಗಿ ಏನಾದರೂ ಕೊಟ್ಟರೆ ತಾವಾಗಿಯೇ ಏಳುತ್ತಾರೆ. ಇಷ್ಟು ಸುಲಭದ ವಿಷಯಕ್ಕೆ ಇನ್ಸುಲಿನ್ ಸೂಜಿ ಬೇರೆ ಬರೆದುಕೊಡುತ್ತಾರಲ್ಲ ಎಂದು ಅವರಿಗೆ ಡಾಕ್ಟರ ಮೇಲೆ ಕನಿಕರವೇ ಬಂತು.

ಪಥ್ಯದ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಸಕ್ಕರೆ ಡಬ್ಬ ಅಟ್ಟ ಸೇರಿತು. ಬೆಲ್ಲ ಉಷ್ಣವೆಂದು ಪಕ್ಕದ ಮನೆಗೆ ಹೋಯಿತು. ಇದ್ಯಾವುದರ ಗೋಜಿಗೂ ಬಾರದ ರುದ್ರಪ್ಪನವರೂ ಸಪ್ಪೆ ಕಾಫಿ ಕುಡಿಯಬೇಕಾಯಿತು. ಮಧ್ಯಾಹ್ನ ಗಂಡಸರು ಮಲಗಿದ ಮೇಲೆ ಮಾತ್ರ ಸೊಸೆಗೆ ಒಂದು ದೊಡ್ಡ ಲೋಟ ತಂಪು ಹೋಗುತ್ತಿತ್ತು.

"ಅತ್ತೆ, ಇದೂ ಸಕ್ಕರೆ ಅಲ್ವಾ?"

"ಕಲ್ಲುಸಕ್ಕರೆ ಮದ್ದು ಕಣೇ ಮಾರಾಯ್ತಿ. ಸುಮ್ನೆ ಕುಡಿ."

ಮೇಘಶ್ರೀ ಬಿ.ಎಸ್ಸಿ. ಪಾಸಾದವಳು. ಆದರೆ ಸಿಹಿ ಕಾಣದೆ ನಾಲಿಗೆ ಬಾಡಿಹೋಗಿದ್ದ ಆ ದಿನಗಳಲ್ಲಿ ಅವಳು ಡಿಗ್ರಿಯನ್ನು ಮಧ್ಯೆ ತರಲಿಲ್ಲ.

ಮುಂದಿನ ಸಲ ಹೋದಾಗ ಸಕ್ಕರೆ ಏರಿತ್ತು. ಡಾಕ್ಟರ್ ಇನ್ಸುಲಿನ್ ಏರಿಸಿದರು. ವಿಮಲಮ್ಮನವರೂ ಹಟ ಬಿಡದೆ ಕಲ್ಲುಸಕ್ಕರೆ ಏರಿಸಿದರು. ಅದರ ಮುಂದಿನ ಸಲ ಡಾಕ್ಟರ ತಾಳ್ಮೆ ಕೆಟ್ಟಿತು.

"ಮೇಘಶ್ರೀ, ಕದ್ದು ಏನು ತಿಂತಿದೀಯ? ನಿಜ ಹೇಳು."

ಮೇಘಶ್ರೀ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತ ಕೂತಳು. ಅತ್ತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಹೀಗೇ ಆದ್ರೆ ಮಗು ವಿಪರೀತ ದಪ್ಪ ಬೆಳೆಯುತ್ತೆ. ಹೆರಿಗೇಲಿ ಏನು ಬೇಕಾದ್ರೂ ಆಗ್ಬಹುದು. ಆಮೇಲೆ ಅತ್ತು ಪ್ರಯೋಜನ ಇಲ್ಲ."

"ದಪ್ಪ ಮಗು ನೋಡೋಕೆ ಚೆನ್ನಾಗೇ ಇರುತ್ತೆ ಡಾಕ್ಟ್ರೇ" ಎಂದರು ವಿಮಲಮ್ಮನವರು, ತಮ್ಮಷ್ಟಕ್ಕೇ ಎಂಬಂತೆ. "ಆದ್ರೆ ಅಳೋದಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಶಶಿಧರನಿಗೂ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಎಂಥ ತೋಳು, ಎಂಥ ಕೆನ್ನೆ ಅಂತ ಸೂಲಗಿತ್ತಿ ಹೊಗಳಿದ್ದೇ ಹೊಗಳಿದ್ದು. ಅದು ಅಳಲೇ ಇಲ್ಲ. ದೃಷ್ಟಿ ಆಯ್ತು ಅಂದ್ರು ನಮ್ಮತ್ತೆ." ಅವರು ಕಣ್ಣೊರೆಸಿಕೊಂಡರು. "ಇವಳನ್ನ ಬೈಬೇಡಿ. ಕಲ್ಲುಸಕ್ಕರೆ ನೀರು ಕುಡಿಸಿದ್ದು ನಾನು. ದಿನಾ ಕುಡಿಸಿದೀನಿ."

"ಆ ಮಗೂಗೆ ಏನಾಗಿತ್ತೋ ಈಗ ಹೇಳೋಕೆ ಬರಲ್ಲ ವಿಮಲಮ್ಮನೋರೇ. ಆಗ ಯಾರೂ ರಕ್ತ ನೋಡಿರ್ಲಿಲ್ಲ. ಇವಳದ್ದು ನೋಡ್ತಾ ಇದೀವಲ್ಲ, ಇನ್ನೂ ಸಮಯ ಇದೆ" ಎಂದು ಡಾಕ್ಟರ್ ಮೆತ್ತಗೆ ಹೇಳಿದರು. ಆಮೇಲೆ ಏನೋ ಹೊಳೆದು ಕೇಳಿದರು: "ಅದನ್ನ ನೀವೂ ಕುಡಿತಿದ್ರಾ?"

"ರುಚಿ ನೋಡ್ದೆ ಬಸುರಿಗೆ ಕೊಡೋಕಾಗುತ್ತಾ?"

ಅವರ ರಕ್ತವನ್ನೂ ತೆಗೆಸಿದರು. ಸಕ್ಕರೆ ಸೊಸೆಗಿಂತ ಅತ್ತೆಗೇ ಜಾಸ್ತಿ ಇತ್ತು. ವಂಶದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಂದಿನಿಂದ ಬೆಳಿಗ್ಗೆ ಸಂಜೆ ಅತ್ತೆ ಸೊಸೆ ಇಬ್ಬರೂ ಕಾಫಿ ಕಣದ ಸುತ್ತ ನಡೆಯತೊಡಗಿದರು. ವಿಮಲಮ್ಮನವರ ಕಾಲಲ್ಲಿ ಮಗನ ಹಳೆಯ ಕ್ಯಾನ್ವಾಸ್ ಶೂ. ನೋಡಿ ನಕ್ಕವರಿಗೆ ಅವರು ತಿರುಗಿ ಏನೂ ಹೇಳುತ್ತಿರಲಿಲ್ಲ, ಅಷ್ಟು ಏದುಸಿರು. ಸೊಸೆಯ ಸಕ್ಕರೆ ನಿಧಾನವಾಗಿ ಇಳಿಯಿತು.

ಜುಲೈನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಹದವಾದ ತೂಕ, ಗಂಟಲು ಮಾತ್ರ ಮೈಗೆ ಮೀರಿದ್ದು. ಅದರ ಕೂಗಿಗೆ ವಾರ್ಡಿನ ಉಳಿದ ಕೂಸುಗಳೆಲ್ಲ ಎದ್ದವು. ನರ್ಸ್ ಬಂದು ಸಿಡುಕಿದಳು. ಶಶಿಧರ ಕಿವಿ ಮುಚ್ಚಿಕೊಂಡು, "ಅಮ್ಮಾ, ಎತ್ಕೊಂಡು ಸಮಾಧಾನ ಮಾಡೇ" ಎಂದ.

ಮಗು ವಿಮಲಮ್ಮನವರ ತೋಳಿನಲ್ಲೇ ಇತ್ತು. ಅವರು ಅದನ್ನು ತೂಗಲೂ ಇಲ್ಲ, ತಟ್ಟಲೂ ಇಲ್ಲ.

"ಅಳ್ಲಿ ಬಿಡು ಮಾರಾಯ" ಎಂದರು. "ಇನ್ನೊಂಚೂರು ಕೇಳ್ತೀನಿ."