ಆಸ್ಪತ್ರೆಯಲ್ಲಿ ನಾನು ತಿರುಚಿದ ಮಾತು

ಶರಣಪ್ಪನವರೇ, ಆ ದಿನ ಕಾಲುವೆಗೆ ನೀವಾಗಿ ಇಳಿಯಲಿಲ್ಲ— ನಾನು ಇಳಿಸಿದೆ. ಆಮೇಲೆ ನಿಮ್ಮ ಮಾತನ್ನು ತಿರುಚಿ ಬರೆಸಿದವನೂ ನಾನೇ. ಆರು ವರ್ಷದಿಂದ ಇದನ್ನು ಹೆಂಡತಿಗೂ ಹೇಳಿಲ್ಲ.

ಎರಡು ಸಾವಿರದ ಮೂರರ ಮಳೆಗಾಲ. ಕೇರಳದ ಮಟ್ಟಾಂಚೇರಿಯಲ್ಲಿ ರಸ್ತೆ ಅಗೆದು ನೀರಿನ ಕೊಳವೆ ಹಾಕುತ್ತಿದ್ದೆವು; ನಾನು ಮೈಸೂರಿನಿಂದ ಬಂದ ಹೊಸ ಇಂಜಿನಿಯರ್, ನೀವು ರಾಯಚೂರಿನ ಕಡೆಯ ಕೂಲಿಯವರು. ಕೊಳವೆಗೆ ತೋಡಿದ ಕಾಲುವೆ ಆಳೆತ್ತರ ಮೀರಿತ್ತು. ಮಣ್ಣು ಕುಸಿಯದಂತೆ ಎರಡೂ ಬದಿಗೆ ಆನಿಸುವ ಹಲಗೆಗಳು ಏಲೂರಿನಿಂದ ಬರಬೇಕಿತ್ತು, ಬಂದಿರಲಿಲ್ಲ. ಅಂಚಿನಲ್ಲಿ ಬೆರಳು ತೂರುವಷ್ಟು ಬಿರುಕು— ನೋಡಿದ್ದೆ. ನೋಡಲಿಲ್ಲವೆಂದು ಹೇಳಲಾರೆ.

"ಸಾರೇ, ಪಲಕ ವೆಕ್ಕಾದೆ ಆರುಂ ಇರಂಗಿಲ್ಲ," ಎಂದರು ಮೇಸ್ತ್ರಿ. ಹಲಗೆಯಿಲ್ಲದೆ ಯಾರೂ ಇಳಿಯುವುದಿಲ್ಲ ಎಂದು ಹೇಳಿ ಬೀಡಿ ಹಚ್ಚಿ ಕುಳಿತುಬಿಟ್ಟರು. ಮಧ್ಯಾಹ್ನ ದೊಡ್ಡ ಸಾಹೇಬರು ಬರುವವರಿದ್ದರು; ನನಗೆ ಬೈಸಿಕೊಳ್ಳುವ ಭಯ. ಆಗ ನೆನಪಾದದ್ದು ನೀವು— ಇಡೀ ಗುಂಪಿನಲ್ಲಿ ಒಬ್ಬರೇ ಕನ್ನಡದವರು. ನನ್ನೊಡನೆ ನಾಲ್ಕು ಮಾತಾಡಬೇಕೆಂದು ದಿನಾ ಬೆಳಿಗ್ಗೆ ಚಹಾ ಆರಿದರೂ ಕಾಯುತ್ತಿದ್ದವರು. ಮೇಸ್ತ್ರಿಗೆ ತಿಳಿಯದ ಭಾಷೆಯಲ್ಲಿ ನಿಮ್ಮನ್ನು ಕರೆದೆ.

"ಒಂದೇ ಜಾಯಿಂಟು ಶರಣಪ್ಪ, ಐದು ನಿಮಿಷ. ಇಳಿ, ನಾನಿಲ್ಲೇ ನಿಂತಿರ್ತೀನಿ."

"ನೀವ ಹೇಳಿದ ಮ್ಯಾಲೆ ಇನ್ನೇನ್ರಿ ಸಾಹೇಬ್ರ," ಎಂದು ನಕ್ಕು ಇಳಿದಿರಿ.

ಐದು ನಿಮಿಷವೂ ಆಗಲಿಲ್ಲ, ಮಣ್ಣು ಬಿತ್ತು. ಬರಿಗೈಯಲ್ಲಿ ಬಗೆದು ನಿಮ್ಮನ್ನು ತೆಗೆದವರು ಅದೇ ಮೇಸ್ತ್ರಿ, ಅವರ ಕಡೆಯವರು. ನಾನು— ಹೇಳಿದಂತೆ ನಿಂತೇ ಇದ್ದೆ.

ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಆಸ್ಪತ್ರೆಗೆ ವಿಚಾರಣೆಯವರು ಬಂದಾಗ, ನಿಮ್ಮ ಮಾತನ್ನು ಮಲಯಾಳದಲ್ಲಿ ಹೇಳಲು ಕೂರಿಸಿದ್ದು ಎರಡೂ ಭಾಷೆ ಬಲ್ಲ ನನ್ನನ್ನೇ. "ಸಾಹೇಬ್ರು ಇಳಿ ಅಂದ್ರು, ಇಳದೆ," ಎಂದಿರಿ. ದೂರುವ ದನಿಯೂ ಇರಲಿಲ್ಲ. ನಾನು ಹೇಳಿದೆ— ಮೇಸ್ತ್ರಿ ತಡೆದದ್ದು ಭಾಷೆ ಬಾರದೆ ಇವನಿಗೆ ತಿಳಿಯಲಿಲ್ಲವಂತೆ, ತಾನಾಗಿ ಇಳಿದನಂತೆ. ನಾನು ಏನು ಹೇಳಿದೆನೆಂದು ತಿಳಿಯದೆ ನೀವು ನನ್ನ ಮುಖ ನೋಡಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಿರಿ. ತಪ್ಪು ನಿಮ್ಮದೆಂದಾಯಿತು, ಪರಿಹಾರ ಸಿಗಲಿಲ್ಲ. ಮಂಚದ ಮೇಲೆಯೇ ನಿಮ್ಮನ್ನು ಊರಿಗೆ ಒಯ್ದರು.

ಈಗ ತಿರುವನಂತಪುರದಲ್ಲಿದ್ದೇನೆ. ಹಲಗೆ ಆನಿಸದ ಕಾಲುವೆಗೆ ಈ ಸಾಹೇಬರು ಇರುವೆಯನ್ನೂ ಇಳಿಸುವುದಿಲ್ಲ ಎಂದು ಜೊತೆಯವರು ಗೇಲಿ ಮಾಡುತ್ತಾರೆ, ಹೊಗಳುತ್ತಾರೆ ಕೂಡ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ— ಕೆಟ್ಟವರು ನೀವು, ಬುದ್ಧಿ ಬಂದದ್ದು ನನಗೆ. ನಾಚಿಕೆಯಾಗುತ್ತದೆ.

ನಡೆದದ್ದನ್ನು ಮಲಯಾಳದಲ್ಲಿ ಬರೆದು ಸಹಿ ಹಾಕಿದ್ದೇನೆ. ವಿಚಾರಣೆ ಮಾಡಿದ ಕಚೇರಿಗೆ ಕೊಡುವ ಮೊದಲು ನಿಮ್ಮೂರಿಗೆ ತರುತ್ತೇನೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕೇರಳದ ನರ್ಸ್ ಒಬ್ಬರಾದರೂ ಇದ್ದಾರು. ಅವರ ಕೈಲಿ ಓದಿಸಿ, ಅರ್ಥ ಕೇಳಿ. ನಾನು ಓದಿ ಹೇಳಿದರೆ ನಂಬಬೇಡಿ.