ಅಕ್ಕನಿಗೆ ಓದದೆ ಬಿಟ್ಟ ಪುಟಗಳು

ಅವನು ಲಿಫ್ಟ್ ರಿಪೇರಿ ಮಾಡುವವನು. ಇಪ್ಪತ್ತೆರಡು ವರ್ಷಗಳಿಂದ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು, ಕಂಬಿಗಳಿಗೆ ಗ್ರೀಸ್ ಹಚ್ಚಿ, ಉಕ್ಕಿನ ಹಗ್ಗದ ಎಳೆ ಸವೆದಿದೆಯೇ ಎಂದು ಬೆರಳಾಡಿಸಿ ನೋಡಿ, ಮುಚ್ಚಲಾರೆ ಎಂದು ಹಟ ಹಿಡಿದ ಬಾಗಿಲುಗಳನ್ನು ದಾರಿಗೆ ತಂದವನು. ಒಂದು ಬೋಲ್ಟ್ ಸಡಿಲವಿದ್ದೀತು ಎಂಬ ಅನುಮಾನ ಬಂದರೆ ಹನ್ನೊಂದನೇ ಮಹಡಿಗೆ ಮತ್ತೆ ಹತ್ತಿ ಹೋಗಿ ಮುಟ್ಟಿ ನೋಡಿ ಬರುವ ಜಾತಿ. ಅಂಥವನು ಮನೆಯಲ್ಲಿ, ಅದೂ ಒಡಹುಟ್ಟಿದ ಅಕ್ಕನಿಗೆ, ಹೆಚ್ಚುಕಡಿಮೆ ಒಂದು ವರ್ಷ ಮೋಸ ಮಾಡಿದ.

ಅಕ್ಕ ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಅವನಿಗೆ ಆರು ತುಂಬುವ ಹೊತ್ತಿಗೆ ಅಮ್ಮ ತೀರಿಕೊಂಡಿದ್ದರು. ಮರುವರ್ಷ ಅಪ್ಪ ಒಂದು ಬೆಳಿಗ್ಗೆ ಚೀಲ ಹಿಡಿದು ಹೊರಟವರು ತಿರುಗಿ ಬರಲಿಲ್ಲ. ಯಾಕೆ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಸೇರಿದಳು. ಮೂವತ್ತೈದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಮಾತಿಗೆ ಮಾತು ಜೋಡಿಸುತ್ತಾ ತಮ್ಮನನ್ನು ಓದಿಸಿದಳು, ಕೆಲಸಕ್ಕೆ ಹಚ್ಚಿದಳು, ಮದುವೆ ಮಾಡಿದಳು. ತಾನು ಮಾತ್ರ ಮದುವೆಯಾಗಲಿಲ್ಲ. ಅವಳಿಗಿದ್ದ ಒಂದೇ ಚಟ ಪುಸ್ತಕ. ನಿವೃತ್ತಿಯಾಗಿ ಮೂರು ವರ್ಷಕ್ಕೆ ಕಣ್ಣಿನ ನರಗಳು ಸೋಲತೊಡಗಿದವು. ಅಕ್ಷರಗಳು ಮೊದಲು ಮಸುಕಾದವು, ಆಮೇಲೆ ಪೂರ್ತಿ ಅಳಿಸಿಹೋದವು.

ತಮ್ಮ ಅವಳ ಫೋನಿನಲ್ಲಿ ಕೇಳುವ ಪುಸ್ತಕ ಹಾಕಿಕೊಟ್ಟ. ಅಕ್ಕ ಎರಡು ದಿನ ಕೇಳಿ ತೆಗೆದಿಟ್ಟಳು.

"ಬೇಡ ಕಣೋ. ಇದಕ್ಕೆ ಉಸಿರೇ ಇಲ್ಲ. ನಾನು ನಡುವೆ ಅಯ್ಯೋ ಪಾಪ ಅಂದ್ರೂ ಅದು ತನ್ನ ಪಾಡಿಗೆ ಹೇಳ್ಕೊಂಡು ಹೋಗ್ತಾ ಇರುತ್ತೆ."

"ಹಾಗಾದ್ರೆ ನಾನೇ ಓದ್ತೀನಿ ಬಿಡು," ಎಂದುಬಿಟ್ಟ ಅವನು. ಹಾಗೆ ಹೇಳಿದಾಗ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ.

ಜನವರಿ ಮೊದಲ ವಾರದಿಂದ ಓದು ಶುರುವಾಯಿತು. ಸಂಜೆ ಆರೂವರೆಗೆ ಅವನು ಕೈಯ ಗ್ರೀಸ್ ತಿಕ್ಕಿ ತೊಳೆದು ಅಕ್ಕನ ಕೋಣೆಗೆ ಬರುತ್ತಿದ್ದ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅವಳು ಕಾಲು ಮಡಚಿ ಕೂತು ಕಾಯುತ್ತಿದ್ದಳು. ಒಂದು ಗಂಟೆ ಓದು. ಮೊದಲ ನಾಲ್ಕೈದು ಪುಸ್ತಕಗಳನ್ನು ಅವನು ಅಕ್ಷರ ಬಿಡದೆ ಓದಿದ. ಓದುವುದರಲ್ಲಿ ಅವನಿಗೆ ಅಂಥ ರುಚಿ ಇರಲಿಲ್ಲ. ಆದರೂ ಅಕ್ಕ ನಗುವಾಗ ಇವನಿಗೂ ನಗು ಬರುತ್ತಿತ್ತು.

ಕಷ್ಟ ಬಂದದ್ದು ಕೇರಂನಿಂದ. ಅವರ ಕಟ್ಟಡದ ಕೆಳಗೆ, ವಾಚ್‌ಮನ್ನನ ಕೋಣೆಯಲ್ಲಿ, ನಾಲ್ಕು ಜನ ಏಳು ಗಂಟೆಗೆ ಕೇರಂ ಬೋರ್ಡ್ ಹಾಕುತ್ತಿದ್ದರು. ಅವರಲ್ಲಿ ಒಬ್ಬ ಊರು ಬಿಟ್ಟ ಮೇಲೆ ನಾಲ್ಕನೆಯವನಾಗಿ ಇವನನ್ನು ಕರೆದರು. ಏಳೂವರೆಯ ತನಕ ಅವರು ಇವನಿಗಾಗಿ ಕಾಯುತ್ತಿರಲಿಲ್ಲ. ಮಾರ್ಚಿನ ಒಂದು ಸಂಜೆ, ಕಾದಂಬರಿಯೊಂದರಲ್ಲಿ ಸಮುದ್ರದ ವರ್ಣನೆ ಎರಡು ಪುಟಕ್ಕೆ ಹರಡಿತ್ತು. ಅಲೆ ಬಂತು, ಅಲೆ ಹೋಯಿತು, ಇಷ್ಟೇ ತಾನೆ ಎಂದುಕೊಂಡು ಒಂದು ಪ್ಯಾರಾ ಹಾರಿಸಿದ. ಅಕ್ಕ ಏನೂ ಕೇಳಲಿಲ್ಲ. ಮಾರನೇ ದಿನ ಒಂದು ಪುಟ ಹಾರಿಸಿದ.

ಆಮೇಲೆ ಅದರಲ್ಲೂ ಕೈ ಪಳಗಿತು. ನಾಲ್ಕು ಹಾಳೆಗಳನ್ನು ಒಂದೇ ಹಾಳೆಯ ಸದ್ದಾಗುವಂತೆ ಮಗುಚುವುದು ಕಲಿತ. ಕತೆಯ ಕೊಂಡಿ ತಪ್ಪಿದಲ್ಲಿ "ಹೀಗೆ ಕೆಲವು ದಿನಗಳು ಉರುಳಿದವು" ಎಂದು ತಾನೇ ಒಂದು ವಾಕ್ಯ ಸೇರಿಸುತ್ತಿದ್ದ.

ಅಕ್ಕ ಒಮ್ಮೆ ನಕ್ಕಳು. "ಅಲ್ವೋ, ಎಲ್ಲಾ ಲೇಖಕರೂ ಅದ್ಹೇಗೋ ಇದೊಂದು ವಾಕ್ಯ ಬರೆದೇ ಬರೀತಾರೆ! ಎಲ್ಲರಿಗೂ ಒಬ್ಬರೇ ಮೇಷ್ಟ್ರು ಪಾಠ ಮಾಡಿದ್ರೇನೋ."

ಅವನು ಮರುದಿನದಿಂದ "ಕಾಲ ಯಾರಿಗೂ ಕಾಯಲಿಲ್ಲ" ಎಂದು ಬದಲಾಯಿಸಿಕೊಂಡ.

ಹೆಂಡತಿ ಇದನ್ನು ಕಂಡುಹಿಡಿದಳು. ಬಟ್ಟೆ ಮಡಚಿಡಲು ಕೋಣೆಗೆ ಬಂದವಳು ಅವನ ಬೆರಳುಗಳನ್ನೇ ನೋಡುತ್ತಾ ನಿಂತಳು. ಅವನು ಕಣ್ಣಲ್ಲೇ ಸುಮ್ಮನಿರು ಎಂದ. ಆಮೇಲೆ ಅಡುಗೆಮನೆಯಲ್ಲಿ ಅವಳು ದನಿ ತಗ್ಗಿಸಿ ಕೇಳಿದಳು.

"ಏನ್ರೀ ಅದು? ಅತ್ತಿಗೆಗೆ ಕಣ್ಣಿಲ್ಲ ಅಂತಾನಾ?"

"ಬೇಸರದ ಭಾಗ ಅಷ್ಟೇ ಬಿಡ್ತೀನಿ. ಅವಳಿಗೂ ಒಳ್ಳೇದೇ."

"ಅದನ್ನ ಅವರೇ ಹೇಳ್ಬೇಕಲ್ವಾ?" ಎಂದಳು ಹೆಂಡತಿ. ಅವನು ಚಪ್ಪಲಿ ಮೆಟ್ಟಿ ಕೆಳಗಿಳಿದ.

ಡಿಸೆಂಬರಿನಲ್ಲಿ ಬಡಾವಣೆಯ ಲೈಬ್ರರಿಯಿಂದ ಕರೆ ಬಂತು. ವರ್ಷವಿಡೀ ಓದಿದವರು ಒಂದು ಭಾನುವಾರ ಸೇರಿ, ತಮ್ಮ ಓದಿನ ಬಗ್ಗೆ ಐದೈದು ನಿಮಿಷ ಮಾತಾಡಬೇಕು. ಲೈಬ್ರರಿಯ ಮೇಡಂ ಅಕ್ಕನನ್ನು ವಿಶೇಷವಾಗಿ ಕರೆದಿದ್ದರು. ಇಪ್ಪತ್ತಾರು ಪುಸ್ತಕ ಅವಳ ಕಾರ್ಡಿನ ಮೇಲೆ ಹೋಗಿ ಬಂದಿದ್ದವು.

ಅಕ್ಕನಿಗೆ ಹುಮ್ಮಸ್ಸೋ ಹುಮ್ಮಸ್ಸು. ತಮ್ಮನನ್ನು ಕೂರಿಸಿಕೊಂಡು ಟಿಪ್ಪಣಿ ಬರೆಸಿದಳು. ಯಾವುದು ಮನಸ್ಸಿಗೆ ಹತ್ತಿತು, ಯಾವುದು ಹತ್ತಲಿಲ್ಲ ಎಂದು ಒಂದೊಂದಾಗಿ ಹೇಳುತ್ತಾ ಹೋದಳು. ಹಲವು ಕಡೆ ಅವಳು "ಇಲ್ಲಿ ಯಾಕೋ ಅವಸರ ಮಾಡಿದ್ದಾರೆ" ಎಂದಾಗ ಅವನು ತಲೆ ತಗ್ಗಿಸಿ ಬರೆದುಕೊಂಡ. ಕೊನೆಗೆ ಒಂದು ಕಾದಂಬರಿಗೆ ಬಂದಳು. ಗಡಿಯಾರ ರಿಪೇರಿ ಮಾಡುವವನೊಬ್ಬ ಚಿಕ್ಕ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಹೊರಟುಹೋಗುತ್ತಾನೆ. ಮಗಳು ಬೆಳೆದು ದೊಡ್ಡವಳಾಗುತ್ತಾಳೆ. ಅವಳ ಬದುಕಿನದೇ ಕತೆ.

"ಈ ವರ್ಷ ನನಗೆ ಸಿಕ್ಕಿದ್ದು ಅಂದ್ರೆ ಇದೊಂದೇ ಕಣೋ. ಅವನು ಯಾಕೆ ಹೋದ ಅಂತ ಬರೆದವರು ಎಲ್ಲೂ ಹೇಳೋದೇ ಇಲ್ಲ. ಆ ಹುಡುಗಿ ಕಾರಣ ಗೊತ್ತಿಲ್ಲದೇನೇ ಬದುಕ್ತಾಳೆ, ನಗ್ತಾಳೆ, ಮುದುಕಿನೂ ಆಗ್ತಾಳೆ. ಅಪ್ಪ ಹೋದಾಗಿಂದ ನಾನು ಒಳಗೊಳಗೇ ಕಾರಣ ಹುಡುಕ್ತಾ ಇದ್ದೆ. ನಾನೇನಾದ್ರೂ ಅಂದ್ನಾ, ನೀನು ಹಟ ಮಾಡಿದ್ಯಾ ಅಂತ. ಇದನ್ನ ಕೇಳಿದ ಮೇಲೆ ಸಾಕು ಅನ್ನಿಸ್ತು. ಕಾರಣ ಸಿಗದಿದ್ರೂ ಬದುಕಬಹುದು."

ಅವನ ಪೆನ್ನು ನಿಂತಿತು. ಕಾರಣವಿದ್ದರೆ ಅದು ಆ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿರಬೇಕು. ಕೆಳಗೆ ಕೇರಂ ಪಂದ್ಯದ ಕೊನೆಯ ಸುತ್ತು ಇದ್ದ ದಿನ ಅವನು ಆ ಅಧ್ಯಾಯವನ್ನೇ ಇಡಿಯಾಗಿ ನುಂಗಿದ್ದ. ಏನು ಕಾರಣ ಎಂದು ಅವನಿಗೂ ಗೊತ್ತಿರಲಿಲ್ಲ. ಗಡಿಯಾರದವನು ಹೊರಟ ದಿನದ ಮಾತಿದ್ದ ಮೊದಲ ಸಾಲು ನೋಡಿ, ಫ್ಲಾಶ್‌ಬ್ಯಾಕ್ ಇರಬೇಕೆಂದು ಮಗುಚಿದ್ದ.

ಆಗಲೇ ಹೇಳಿಬಿಡಬಹುದಿತ್ತು. ಕೋಣೆಯಲ್ಲಿ ಇಬ್ಬರೇ ಇದ್ದರು. ಬಾಯಿಗೆ ಬಂದ ಮಾತನ್ನು ನುಂಗಿ, "ಹೂಂ, ಬರ್ಕೊಂಡೆ," ಎಂದ.

ಭಾನುವಾರ ಲೈಬ್ರರಿಯ ಓದುವ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಪತ್ರಿಕೆಗಳ ಮೇಜುಗಳನ್ನು ಗೋಡೆಗೆ ಸರಿಸಿ ಮಡಿಸುವ ಕುರ್ಚಿ ಹಾಕಿದ್ದರು. ಅಕ್ಕ ಟಿಪ್ಪಣಿಯ ಹಂಗಿಲ್ಲದೆ ನೆಟ್ಟಗೆ ನಿಂತು ಮಾತಾಡಿದಳು. ಎಕ್ಸ್‌ಚೇಂಜಿನ ಆ ಸ್ಪಷ್ಟ ದನಿಗೆ ಜನ ಕುರ್ಚಿ ಸದ್ದು ಮಾಡದೆ ಕೂತರು. ಗಡಿಯಾರದವನ ಕತೆಗೆ ಬಂದಾಗ, ತಮ್ಮನಿಗೆ ಹೇಳಿದ್ದನ್ನೇ ಅವರ ಮುಂದೆಯೂ ಹೇಳಿದಳು. ಅಪ್ಪನ ಸಂಗತಿಯನ್ನು ಹೊರಗಿನವರ ಮುಂದೆ ಅವಳು ಆಡಿದ್ದು ಅದೇ ಮೊದಲು.

ಮುಗಿದ ಮೇಲೆ ಹಿಂದಿನ ಸಾಲಿನಿಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಎದ್ದು ನಿಂತರು. ಸಾಧು ಮನುಷ್ಯ, ಕೆಣಕುವ ಉದ್ದೇಶ ಅವರಿಗಿರಲಿಲ್ಲ.

"ಅಮ್ಮಾ, ತುಂಬಾ ಚೆನ್ನಾಗಿ ಹೇಳಿದ್ರಿ. ಆದರೆ ಅವನು ಯಾಕೆ ಹೋದ ಅಂತ ಪುಸ್ತಕದಲ್ಲಿದೆಯಲ್ಲಾ? ಒಂಬತ್ತನೇ ಅಧ್ಯಾಯ ಪೂರ್ತಿ ಅದೇ."

"ಹೌದು ಹೌದು," ಎಂದರು ಇನ್ನಿಬ್ಬರು.

ಅಕ್ಕ ತಮ್ಮ ಕೂತಿದ್ದ ಕಡೆಗೆ ಮುಖ ತಿರುಗಿಸಿದಳು. ಅವನು ಎಲ್ಲಿ ಕೂತಿದ್ದಾನೆ ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಅವನು ಎದ್ದು ನಿಲ್ಲಬೇಕಿತ್ತು. "ತಪ್ಪು ನನ್ನದು, ನಾನು ಓದಲಿಲ್ಲ" ಎಂದರೆ ಮುಗಿಯುತ್ತಿತ್ತು. ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಅಕ್ಕ ಮತ್ತೆ ಜನರ ಕಡೆ ತಿರುಗಿದಳು. "ಓ, ಹಾಗಾ? ಹಾಗಾದ್ರೆ ಆ ಹೊತ್ತು ನಾನು ತೂಕಡಿಸಿರ್ಬೇಕು ನೋಡಿ. ವಯಸ್ಸಾಯ್ತಲ್ಲ!"

ಎಲ್ಲರೂ ನಕ್ಕರು. ಅವರ ಜೊತೆ ಅವನೂ ನಕ್ಕ. ತನ್ನ ಬಾಯಿಂದ ಬಂದ ಆ ನಗುವಿನ ಸದ್ದು ಅವನ ಕಿವಿಗೇ ಬಿತ್ತು. ಪುಟ ಹಾರಿಸಿದ್ದಕ್ಕಿಂತ, ಸುಮ್ಮನೆ ಕೂತದ್ದಕ್ಕಿಂತ, ಆ ನಗು ನೆನಪಾದಾಗಲೇ ಅವನು ಈಗಲೂ ಹಲ್ಲು ಕಚ್ಚುತ್ತಾನೆ.

ಮನೆಗೆ ನಡೆದುಕೊಂಡೇ ಬಂದರು. ಎಂದಿನಂತೆ ಅಕ್ಕ ಅವನ ಮೊಣಕೈ ಹಿಡಿದಿದ್ದಳು. ಹಿಡಿಯದೆ ಬೇರೆ ದಾರಿಯಿರಲಿಲ್ಲ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. "ಮೆಟ್ಟಿಲು ಬಂದ್ರೆ ಹೇಳು."

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮೊದಲು ಅವಳ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಕೇರಂ, ಬೆರಳ ಚಳಕ, ತಾನೇ ಸೇರಿಸಿದ ವಾಕ್ಯಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಅಕ್ಕ ಬೈಯಬಹುದು ಎಂದುಕೊಂಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತು.

"ಪುಸ್ತಕದ ಪಟ್ಟಿ ತಗೊಂಡು ಬಾ," ಎಂದಳು. "ಒಂದೊಂದೇ ಹೆಸರು ಓದು. ಪೂರ್ತಿ ಓದಿದ್ದು ಯಾವುದು, ಓದದೇ ಇದ್ದಿದ್ದು ಯಾವುದು, ಹೇಳು."

ಪೂರ್ತಿ ಓದಿದ್ದು ಒಂಬತ್ತು. ಹದಿನೇಳರಲ್ಲಿ ತೂತುಗಳಿದ್ದವು. ಒಂದು ಪುಸ್ತಕದ ಹೆಸರು ಬಂದಾಗ ಅಕ್ಕ ಕೈಯೆತ್ತಿ ತಡೆದಳು. "ಅದರಲ್ಲೂನಾ? ಅದರ ಕೊನೆ ಎಷ್ಟು ಚೆನ್ನಾಗಿತ್ತು!"

"ಕೊನೆ ಸರಿಯಾಗೇ ಓದಿದ್ದೆ ಅಕ್ಕ. ನಡುವೆ..."

"ಸರಿ, ಮುಂದಿನದು ಹೇಳು."

ಅವತ್ತು ರಜೆ ಹಾಕಿ ಲೈಬ್ರರಿಗೆ ಹೋಗಿ, ಮೇಡಂಗೆ ನಡೆದದ್ದನ್ನು ತಡವರಿಸುತ್ತಾ ಹೇಳಿ, ಗಡಿಯಾರದವನ ಪುಸ್ತಕ ಮತ್ತೆ ತಂದ. ಅವರು ಠಸ್ಸೆ ಒತ್ತಿ ಕೊಟ್ಟರು. ಮಧ್ಯಾಹ್ನ ಅಕ್ಕನಿಗೆ ಒಂಬತ್ತನೇ ಅಧ್ಯಾಯ ಓದಿದ. ಗಡಿಯಾರದವನು ಗಿರಾಕಿಯೊಬ್ಬನ ಒಳ್ಳೆಯ ಗಡಿಯಾರ ಕೆಡಿಸಿ, ಅದನ್ನು ಮುಚ್ಚಿಡಲು ಸುಳ್ಳು ಹೇಳಿ, ಮಗಳ ಎದುರಿಗೇ ಸಿಕ್ಕಿಬಿದ್ದಿದ್ದ. ಆಮೇಲೆ ಅವಳ ಮುಖ ನೋಡಲಾರದೆ ಹೊರಟುಹೋಗಿದ್ದ.

ಅಕ್ಕ "ಇಷ್ಟೇನಾ?" ಎಂದಳು. "ಇಷ್ಟಕ್ಕೆ ಬಿಟ್ಟು ಹೋದ್ನಾ? ನಾನು ಮೂರು ತಿಂಗಳು ಮನಸ್ಸಲ್ಲಿ ಕಟ್ಕೊಂಡಿದ್ದು ಇದಕ್ಕಿಂತ ದೊಡ್ಡದಿತ್ತು."

"ಹಾಗಾದ್ರೆ ಓದದೇ ಇದ್ದಿದ್ರೇ..." ಎಂದು ಅವನು ಬಾಯಿ ತೆರೆದ.

"ಮುಚ್ಚು ಬಾಯಿ." ಆ ವರ್ಷದಲ್ಲಿ ಮೊದಲ ಬಾರಿಗೆ ಅವಳ ದನಿ ಗಡುಸಾಯಿತು. "ನನಗೆ ಹಿಡಿಸುತ್ತೋ ಬಿಡುತ್ತೋ, ಅದು ನನ್ನ ಪಾಡು. ಬರೆದವರು ನನಗೆ ಅಂತ ಬರೆದಿದ್ದನ್ನ ದಾರೀಲಿ ತಡೆಯೋಕೆ ನೀನ್ಯಾರೋ? ಮೂವತ್ತೈದು ವರ್ಷ ಲೈನಿನಲ್ಲಿ ಕೂತಿದ್ದೆ. ಒಬ್ಬರ ಮಾತನ್ನೂ ಅರ್ಧಕ್ಕೆ ಕತ್ತರಿಸ್ಲಿಲ್ಲ ನಾನು."

ಅವನು ಪುಸ್ತಕದ ಮೇಲೆ ಕಣ್ಣು ನೆಟ್ಟು ಕೂತ.

ಅಲ್ಲಿಂದ ಮುಂದೆ ಅಕ್ಕ ತನ್ನ ಏರ್ಪಾಡು ತಾನೇ ಮಾಡಿಕೊಂಡಳು. ಶನಿವಾರ ಮತ್ತು ಭಾನುವಾರ ಡ್ರಾಯಿಂಗ್ ಮೇಷ್ಟ್ರು ಲೈಬ್ರರಿಯಲ್ಲಿ ಅವಳಿಗೆ ಹೊಸ ಪುಸ್ತಕ ಓದುತ್ತಾರೆ. ಹೆಂಡತಿ ಕರೆದುಕೊಂಡು ಹೋಗಿ ಬರುತ್ತಾಳೆ. ಉಳಿದ ದಿನ ತಮ್ಮನ ಸರದಿ, ಹಳೆಯ ಹದಿನೇಳು ಪುಸ್ತಕ. ಪ್ರತಿ ಪುಟ ಮಗುಚುವಾಗ ಅವನು ಪುಟದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ನಲವತ್ತೊಂದು, ನಲವತ್ತೆರಡು ಎನ್ನುವಾಗ ಅವನ ಕಿವಿ ಬಿಸಿಯಾಗುತ್ತದೆ. ಅಕ್ಕ ಸಾಕು ಎನ್ನುವುದಿಲ್ಲ.

ಹಾರಿಸಿದ್ದ ಆ ಸಮುದ್ರದ ಪ್ಯಾರಾವನ್ನೂ ಓದಿದ. ಅಲೆಗಳ ನಡುವೆ ಒಂದು ಸಣ್ಣ ದೋಣಿಯ ಮಾತಿತ್ತು. ಅದಿಲ್ಲದೆ ಮುಂದಿನ ಕತೆಗೆ ಅರ್ಥವೇ ಇರಲಿಲ್ಲ. ಅವನಿಗೇ ಕುತೂಹಲ ಹುಟ್ಟಿ, ಒಂದು ಸಂಜೆ ಎಂಟು ಗಂಟೆಯಾದರೂ ನಿಲ್ಲಿಸಲಿಲ್ಲ. ಅಕ್ಕನೇ "ನಾಳೆಗಿರ್ಲಿ" ಎಂದು ಎದ್ದಳು. ಮೊದಲಿನ ಹಾಗೆ ನಡುವೆ ನಗುವುದು, ಅಯ್ಯೋ ಪಾಪ ಎನ್ನುವುದು ಮಾತ್ರ ಇನ್ನೂ ಮರಳಿಲ್ಲ. ಅವಳು ಈಗ ಪರೀಕ್ಷೆ ಮಾಡುವವರ ಹಾಗೆ ಕೇಳಿಸಿಕೊಳ್ಳುತ್ತಾಳೆ.

ಮೊನ್ನೆ ಒಂದು ಆಫೀಸ್ ಕಟ್ಟಡದಲ್ಲಿ ಅವನು ಲಿಫ್ಟಿನ ಬಾಗಿಲು ಬಿಚ್ಚಿಕೊಂಡು ಕೂತಿದ್ದ. ಅವತ್ತಿನ ಸಭೆಯಲ್ಲಿದ್ದ ಹೆಂಗಸೊಬ್ಬರು ಗುರುತು ಹಿಡಿದು ನಿಂತರು.

"ಅಕ್ಕನಿಗೆ ದಿನಾ ಪುಸ್ತಕ ಓದಿ ಹೇಳೋರು ನೀವೇ ಅಲ್ವಾ? ನಿಮ್ಮಂಥ ತಮ್ಮ ಯಾರಿಗೆ ಸಿಗ್ತಾರೆ ಹೇಳಿ!"

ಅವನು ತಲೆಯೆತ್ತಲಿಲ್ಲ. "ಇಲ್ಲ ಮೇಡಂ, ಹಾಗೇನಿಲ್ಲ," ಎಂದ. ಅವರು ಅದನ್ನು ವಿನಯವೆಂದುಕೊಂಡು ಇನ್ನಷ್ಟು ಹೊಗಳುತ್ತಾ ಮೆಟ್ಟಿಲ ಕಡೆ ನಡೆದರು.